ಎರಡು ಬಾರಿ ತೊಳೆಯಬೇಕಾದ ಬೇರುನಾಳ

ಬಸವನಗುಡಿಯ ನಿವೃತ್ತ ಮೇಷ್ಟ್ರೊಬ್ಬರು ಕಳೆದ ಮಳೆಗಾಲದಲ್ಲಿ ನನ್ನ ಚಿಕಿತ್ಸಾಲಯಕ್ಕೆ ಬಂದಾಗ ಅವರ ಕೈಯಲ್ಲಿ ಹಳೆಯ ಎಕ್ಸ್‌ರೇ ಇರಲಿಲ್ಲ, ಚೀಟಿಯೂ ಇರಲಿಲ್ಲ. ಕುಂಕುಮದ ಭರಣಿಯಷ್ಟು ಪುಟ್ಟ ಡಬ್ಬಿಯೊಂದರಲ್ಲಿ ಹತ್ತಿಯ ನಡುವೆ ಮಲಗಿಸಿದ್ದ ಹಲ್ಲಿನ ಕ್ಯಾಪ್ ಮಾತ್ರ ಇತ್ತು. ಎರಡು ವರ್ಷದ ಹಿಂದೆ ಬೇರೊಂದು ಕಡೆ ರೂಟ್ ಕೆನಾಲ್ ಮಾಡಿಸಿಕೊಂಡು, ಪೋಸ್ಟ್ ಹಾಕಿಸಿ, ಮೇಲೆ ಕ್ಯಾಪ್ ಕೂರಿಸಿಕೊಂಡಿದ್ದ ಮುಂಬದಿಯ ಹಲ್ಲು ಅದು. "ಬೇರನ್ನು ಚೆನ್ನಾಗಿ ಕ್ಲೀನ್ ಮಾಡಿದ್ದೀವಿ ಅಂದಿದ್ರು ಡಾಕ್ಟ್ರೇ, ದೋಸೆ ತಿನ್ನುವಾಗ ಕಡ್ಡಿ ಸಮೇತ ಕೈಗೆ ಬಂತು," ಎಂದರು. ನಾನು ಆ ಕಡ್ಡಿಯನ್ನು, ಅಂದರೆ ಗಾಜಿನ ನಾರಿನ ಪೋಸ್ಟನ್ನು, ದೀಪದ ಕೆಳಗೆ ಹಿಡಿದು ನೋಡಿದೆ. ಅದು ಮುರಿದಿರಲಿಲ್ಲ, ಬಾಗಿರಲಿಲ್ಲ. ಅದರ ಮೈತುಂಬ ಸಿಮೆಂಟು ಅಚ್ಚುಕಟ್ಟಾಗಿ ಅಂಟಿಕೊಂಡಿತ್ತು. ಸಿಮೆಂಟಿನ ಹೊರಮೈ ಮಾತ್ರ ನುಣುಪಾಗಿ, ತಿಳಿಗುಲಾಬಿ ಛಾಯೆಯ ಒಂದು ತೆಳುಲೇಪ ಹೊತ್ತು ನಿಂತಿತ್ತು.

ಆ ಗುಲಾಬಿ ಛಾಯೆಯಲ್ಲಿ ಇಡೀ ಕಥೆ ಅಡಗಿದೆ. ಅದು ಬೇರುನಾಳವನ್ನು ತುಂಬಲು ಬಳಸುವ ಗಟ್ಟಾ ಪರ್ಚಾ ಎಂಬ ರಬ್ಬರಿನಂತಹ ವಸ್ತುವಿನ ಬಣ್ಣ. ಸಿಮೆಂಟು ಪೋಸ್ಟಿಗೆ ಹಿಡಿದಿತ್ತು. ಹಲ್ಲಿಗೆ ಹಿಡಿಯಬೇಕಾದಲ್ಲಿ ಅದು ಹಿಡಿದದ್ದು ಹಲ್ಲಿನ ಗೋಡೆಯ ಮೇಲಿದ್ದ ಕೊಳೆಗೆ. ನಾಳವನ್ನು ಚೆನ್ನಾಗಿ ತೊಳೆದಿದ್ದೇವೆಂದು ಹಿಂದಿನ ವೈದ್ಯರು ಹೇಳಿದ್ದು ಸುಳ್ಳಲ್ಲದಿರಬಹುದು. ನಾಳವನ್ನು ಎರಡು ಬಾರಿ, ಎರಡು ಬೇರೆ ಬೇರೆ ಉದ್ದೇಶಗಳಿಗಾಗಿ ತೊಳೆಯಬೇಕಾಗುತ್ತದೆ. ಮೊದಲನೆಯ ತೊಳೆತ ಸೂಕ್ಷ್ಮಜೀವಿಗಳ ವಿರುದ್ಧ. ಅದಕ್ಕೆ ನಾವು ಗಂಟೆಗಟ್ಟಲೆ ವ್ಯಯಿಸುತ್ತೇವೆ. ಎರಡನೆಯದು ಅಂಟಿಗಾಗಿ, ಪೋಸ್ಟಿಗೆ ಜಾಗ ಕೊರೆದ ಮೇಲೆ ಮಾಡಬೇಕಾದದ್ದು. ಅದು ಎಷ್ಟೋ ಕಡೆ ಒಂದು ಸಿರಿಂಜಿನಷ್ಟು ನೀರು ಚಿಮ್ಮಿಸುವುದರಲ್ಲೇ ಮುಗಿದುಹೋಗುತ್ತದೆ. ನಮ್ಮ ಹಿರಿಯರ ಅಡುಗೆಮನೆಯಲ್ಲಿ ತೊಳೆದದ್ದೆಲ್ಲ ಮಡಿಯಾಗುತ್ತಿರಲಿಲ್ಲ. ಶುಚಿ ಎಂಬುದಕ್ಕೆ ಅಲ್ಲಿ ಹಲವು ದರ್ಜೆಗಳಿದ್ದವು. ಬೇರುನಾಳದ ವಿಷಯದಲ್ಲಿ ಆ ಲೆಕ್ಕಾಚಾರ ವಿಚಿತ್ರವಾಗಿ ಸರಿಹೊಂದುತ್ತದೆ.

ಪೋಸ್ಟ್ ಎಂದರೇನು ಎಂಬುದನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಹಲ್ಲಿನ ತಲೆಭಾಗ ಹುಳುಕಿನಿಂದಲೋ ಪೆಟ್ಟಿನಿಂದಲೋ ಬಹುಪಾಲು ಹೋಗಿ ಬೇರು ಮಾತ್ರ ಗಟ್ಟಿಯಾಗಿ ಉಳಿದಾಗ, ಮೇಲೆ ಕಟ್ಟುವ ಕೃತಕ ದಿಮ್ಮಿಗೆ ಆಧಾರವಾಗಲೆಂದು ಬೇರುನಾಳದೊಳಗೆ ಇಳಿಸುವ ಗೂಟವೇ ಪೋಸ್ಟ್. ಅದು ಹಲ್ಲನ್ನು ಬಲಪಡಿಸುತ್ತದೆ ಎಂಬ ನಂಬಿಕೆ ರೋಗಿಗಳಲ್ಲಿ ಮಾತ್ರವಲ್ಲ, ಕೆಲವು ವೈದ್ಯರಲ್ಲಿಯೂ ಇದೆ, ಅದು ತಪ್ಪು. ಪೋಸ್ಟ್ ಮೇಲಿನ ಕಟ್ಟಡವನ್ನು ಹಿಡಿದಿಡುತ್ತದೆ, ಅಷ್ಟೇ. ಹಿಂದೆ ಬಹುತೇಕ ಲೋಹದ ಪೋಸ್ಟುಗಳೇ ಇದ್ದವು. 1990ರ ಸುಮಾರಿಗೆ ಫ್ರಾನ್ಸಿನಲ್ಲಿ ಕಾರ್ಬನ್ ನಾರಿನ ಪೋಸ್ಟುಗಳು ಬಂದವು. ಅವುಗಳ ಕಪ್ಪು ಬಣ್ಣ ಕ್ಯಾಪಿನ ಅಡಿಯಿಂದ ಕಾಣುತ್ತಿದ್ದ ಕಾರಣ ಮುಂದೆ ಗಾಜು ಮತ್ತು ಕ್ವಾರ್ಟ್ಜ್ ನಾರಿನ ಬಿಳಿಯ ಪೋಸ್ಟುಗಳು ಅವುಗಳ ಜಾಗ ಹಿಡಿದವು. ಬಾಗುವ ಗುಣದಲ್ಲಿ ಇವು ಹಲ್ಲಿಗೆ ಹತ್ತಿರ. ಹಲ್ಲಿನ ಒಡಲಾದ ಡೆಂಟಿನ್ನಿನ ಸ್ಥಿತಿಸ್ಥಾಪಕತ್ವದ ಅಳತೆ ಸುಮಾರು 18 ಗಿಗಾಪ್ಯಾಸ್ಕಲ್, ಗಾಜಿನ ನಾರಿನ ಪೋಸ್ಟಿನದು ಹೆಚ್ಚುಕಡಿಮೆ 20ರಿಂದ 40, ಉಕ್ಕಿನದಾದರೋ 200ರ ಆಸುಪಾಸು. ಆದ್ದರಿಂದ ಲೋಹದ ಪೋಸ್ಟ್ ಸೋಲುವಾಗ ಬೇರನ್ನು ಸೀಳಿಕೊಂಡು ಸೋಲುವ ಅಪಾಯ ಹೆಚ್ಚು. ನಾರಿನ ಪೋಸ್ಟ್ ಬಹುಮಟ್ಟಿಗೆ ಅಂಟು ಬಿಟ್ಟು ಹೊರಬಂದು ಸೋಲುತ್ತದೆ, ಬೇರು ಉಳಿಯುತ್ತದೆ. ಮೇಷ್ಟ್ರು ಈ ದೃಷ್ಟಿಯಿಂದ ಅದೃಷ್ಟವಂತರು. ಆದರೆ ಲೋಹದ ಪೋಸ್ಟ್ ನಾಳದ ಗೋಡೆಗೆ ಬಿಗಿದುಕೊಂಡು ನಿಲ್ಲಬಲ್ಲದು, ನಾರಿನ ಪೋಸ್ಟಾದರೋ ಬಹುತೇಕ ಅಂಟನ್ನೇ ನಂಬಿಕೊಂಡಿದೆ. ಅಂಟಿನ ಪ್ರಶ್ನೆ ಇಷ್ಟು ಮುಖ್ಯವಾದದ್ದು ಇದರಿಂದಲೇ.

ಅಂಟಿನ ಮೊದಲ ಪಾಠವನ್ನು ಪಂಕ್ಚರ್ ಅಂಗಡಿಯಲ್ಲಿ ಕಲಿಯಬಹುದು. ಟ್ಯೂಬ್‌ಲೆಸ್ ಟೈರು ಬಂದ ಮೇಲೆ ಆ ದೃಶ್ಯ ಕಡಿಮೆಯಾಗಿದೆಯಾದರೂ ಸೈಕಲ್ಲಿಗೆ ಪಂಕ್ಚರ್ ಹಾಕಿಸಿದವರು ನೋಡಿರುತ್ತಾರೆ: ಅಂಗಡಿಯವನು ತೂತು ಸಿಕ್ಕೊಡನೆ ಪ್ಯಾಚ್ ಅಂಟಿಸುವುದಿಲ್ಲ. ಟ್ಯೂಬಿನ ನೀರನ್ನು ಒರೆಸುತ್ತಾನೆ, ಅರದಿಂದ ಉಜ್ಜಿ ಹೊರಗಿನ ನುಣುಪು ಪದರವನ್ನು ತೆಗೆಯುತ್ತಾನೆ, ಪುಡಿಯನ್ನು ಊದಿ ಹಾರಿಸುತ್ತಾನೆ, ಸಲ್ಯೂಷನ್ ಹಚ್ಚಿ ಸ್ವಲ್ಪ ಆರಲು ಬಿಡುತ್ತಾನೆ, ಆಮೇಲೆ ಪ್ಯಾಚ್. ಉಜ್ಜದೆ ಹಚ್ಚಿದರೆ ಹಿಡಿಯುವುದಿಲ್ಲ, ಉಜ್ಜಿದ ಪುಡಿ ಉಳಿದರೂ ಹಿಡಿಯುವುದಿಲ್ಲ. ಬೇರುನಾಳದಲ್ಲಿ ನಾವು ಮಾಡುವುದೂ ಇದನ್ನೇ. ವ್ಯತ್ಯಾಸವೆಂದರೆ ನಮ್ಮ ಟ್ಯೂಬು ಒಂದೂವರೆ ಮಿಲಿಮೀಟರ್ ಅಗಲದ ಕತ್ತಲೆಯ ಬಾವಿ, ಅದರ ಗೋಡೆ ಜೈವಿಕ ವಸ್ತುವಿನಿಂದ ಕಟ್ಟಿದ್ದು.

ಆ ಗೋಡೆಯ ಹೆಸರು ಡೆಂಟಿನ್. ತೂಕದಲ್ಲಿ ಅದರ ಸುಮಾರು ಶೇಕಡ 70 ಭಾಗ ಖನಿಜ, 20 ಭಾಗ ಬಹುತೇಕ ಕೊಲ್ಲಾಜೆನ್ ಎಂಬ ಪ್ರೋಟೀನು, ಉಳಿದ 10 ಭಾಗ ನೀರು. ಅದರ ಉದ್ದಗಲಕ್ಕೂ ತಿರುಳಿನ ಕಡೆಯಿಂದ ಹೊರಕ್ಕೆ ಹಾಯುವ ಸೂಕ್ಷ್ಮ ಕೊಳವೆಗಳಿವೆ. ಒಂದೊಂದರ ವ್ಯಾಸ ಒಂದರಿಂದ ಎರಡೂವರೆ ಮೈಕ್ರೋಮೀಟರ್. ಹಲ್ಲಿನ ತಲೆಭಾಗದಲ್ಲಿ ಇವು ಒತ್ತೊತ್ತಾಗಿರುತ್ತವೆ, ಬೇರಿನ ತುದಿಯತ್ತ ಹೋದಂತೆ ವಿರಳವಾಗುತ್ತವೆ, ವಯಸ್ಸಾದಂತೆ ಖನಿಜ ತುಂಬಿ ಮುಚ್ಚಿಕೊಳ್ಳುತ್ತವೆ. 1955ರಲ್ಲಿ ಬ್ಯುನೊಕೋರ್ ಎಂಬ ವಿಜ್ಞಾನಿ ಆಮ್ಲ ಹಚ್ಚಿ ಹಲ್ಲಿನ ಹೊರಕವಚವಾದ ಎನಾಮಲನ್ನು ಒರಟು ಮಾಡಿದರೆ ರೆಸಿನ್, ಅಂದರೆ ಇಂದಿನ ನಮ್ಮ ಸಿಮೆಂಟಿಗೂ ಮೂಲವಾದ, ದ್ರವವಾಗಿದ್ದು ಗಟ್ಟಿಯಾಗುವ ಪ್ಲಾಸ್ಟಿಕ್ಕಿನಂಥ ವಸ್ತು, ಅದಕ್ಕೆ ಹಿಡಿಯುತ್ತದೆಂದು ತೋರಿಸಿದರು. ಡೆಂಟಿನ್ನಿಗೆ ಹಿಡಿಸುವುದು ಅಷ್ಟು ಸುಲಭವಾಗಲಿಲ್ಲ. 1982ರಲ್ಲಿ ಜಪಾನಿನ ನಕಬಾಯಾಶಿ ಅಲ್ಲಿ ಆಗಬೇಕಾದದ್ದೇನೆಂದು ವಿವರಿಸಿದರು: ಆಮ್ಲ ಮೇಲ್ಪದರದ ಖನಿಜವನ್ನು ಕರಗಿಸಿದಾಗ ಕೊಲ್ಲಾಜೆನ್ನಿನ ನಾರುಗಳ ಹೆಣಿಗೆ ಬಯಲಾಗುತ್ತದೆ, ರೆಸಿನ್ ಆ ಹೆಣಿಗೆಯೊಳಗೆ ಇಳಿದು ಗಟ್ಟಿಯಾಗುತ್ತದೆ, ಹಲ್ಲೂ ಅಲ್ಲದ ರೆಸಿನ್ನೂ ಅಲ್ಲದ ಒಂದು ಮಿಶ್ರಪದರ ಹುಟ್ಟುತ್ತದೆ. ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ತಾರಸಿಯ ಮೋಲ್ಡ್ ಹಾಕುವ ದಿನ ಕಬ್ಬಿಣದ ಸರಳಿನ ಹೆಣಿಗೆಯೊಳಕ್ಕೆ ಕಾಂಕ್ರೀಟು ಇಳಿಯಬೇಕು. ಎಲ್ಲಿ ಇಳಿಯದೆ ಪೊಳ್ಳು ಉಳಿಯುತ್ತದೋ ಅಲ್ಲಿಂದಲೇ ಮುಂದೆ ನೀರು ಜಿನುಗುತ್ತದೆ.

ಈ ಕೆಲಸಕ್ಕೆ ಬೇರುನಾಳದಷ್ಟು ಪ್ರತಿಕೂಲವಾದ ಸ್ಥಳ ಬಾಯಿಯಲ್ಲಿ ಮತ್ತೊಂದಿಲ್ಲ. ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಅಂಟಿಕೊಳ್ಳದ ಬಯಲು ಮೈ ಎಲ್ಲಾದರೂ ಇದ್ದರೆ ಅಲ್ಲಿಂದ ಅದು ಒಳಕ್ಕೆ ಸರಿದು ಬಿಗಿತವನ್ನು ತೀರಿಸಿಕೊಳ್ಳುತ್ತದೆ. ಸಾಧಾರಣ ಪೆಟ್ಟಿಗೆಯಾಕಾರದ ಕುಳಿಯಲ್ಲಿ ಅಂಟಿದ ಮೈಗೂ ಅಂಟದ ಮೈಗೂ ಇರುವ ಅನುಪಾತ ಐದಕ್ಕೆ ಒಂದು. ಪೋಸ್ಟಿನ ಸುತ್ತಲಿನ ತೆಳುವಾದ ಸಿಮೆಂಟಿನಲ್ಲಿ ಅದು ಇನ್ನೂರಕ್ಕೆ ಒಂದನ್ನೂ ಮೀರಬಲ್ಲದು. ಸಿಮೆಂಟು ತಾನು ಕುಗ್ಗುವ ಬಲದಿಂದಲೇ ಗೋಡೆಯನ್ನು ಬಿಟ್ಟು ಕಿತ್ತುಕೊಳ್ಳಲು ಹವಣಿಸುತ್ತಿರುತ್ತದೆ. ಬೆಳಕು ಹಾಯಿಸಿ ಗಟ್ಟಿ ಮಾಡೋಣವೆಂದರೆ ಆಳಕ್ಕೆ ಬೆಳಕು ಇಳಿಯುವುದು ಕಡಿಮೆ. ಅದಕ್ಕಾಗಿಯೇ ಬೆಳಕಿನಿಂದಲೂ ರಾಸಾಯನಿಕ ಕ್ರಿಯೆಯಿಂದಲೂ ಗಟ್ಟಿಯಾಗುವ ಎರಡು ಬಗೆಯ ಗುಣವುಳ್ಳ ಸಿಮೆಂಟುಗಳನ್ನು ಬಳಸುತ್ತೇವೆ. ಇಷ್ಟು ತೊಡಕಿನ ಜಾಗದಲ್ಲಿ ಗೋಡೆಯ ಮೇಲ್ಮೈಯಾದರೂ ನಮ್ಮ ಕಡೆಗಿರಬೇಕಲ್ಲವೇ? ತೊಳೆಯುವ ದ್ರವಗಳು ಬದಲಾಯಿಸುವುದು ಆ ಮೇಲ್ಮೈಯನ್ನೇ.

ದ್ರವಗಳಲ್ಲಿ ಮೊದಲನೆಯದು, ಇಂದಿಗೂ ಸರಿಸಾಟಿಯಿಲ್ಲದ್ದು, ಸೋಡಿಯಂ ಹೈಪೋಕ್ಲೋರೈಟ್. ಆಸ್ಪತ್ರೆಯ ನೆಲ ಒರೆಸುವ ಬ್ಲೀಚ್ ಇದೇ. ಮೊದಲ ಮಹಾಯುದ್ಧದ ಕಾಲದಲ್ಲಿ ಹೆನ್ರಿ ಡೇಕಿನ್ ಎಂಬ ರಸಾಯನಶಾಸ್ತ್ರಜ್ಞ ಇದರ ಶೇಕಡ 0.5ರ ದ್ರಾವಣದಿಂದ ಸೈನಿಕರ ಕೊಳೆತ ಗಾಯಗಳನ್ನು ತೊಳೆಯುವ ಕ್ರಮ ತಂದರು. ಅಲ್ಲಿಂದ ಅದು ಹಲ್ಲಿನ ಬೇರಿಗೂ ಬಂತು. ಈಗ ನಾವು ಶೇಕಡ 0.5ರಿಂದ 6ರವರೆಗಿನ ಬೇರೆ ಬೇರೆ ಸಾಂದ್ರತೆಗಳಲ್ಲಿ ಬಳಸುತ್ತೇವೆ. ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಸತ್ತ ತಿರುಳಿನ ಚೂರುಗಳನ್ನು ಕರಗಿಸುವುದರಲ್ಲಿಯಂತೂ ನಾವು ನಿತ್ಯ ಬಳಸುವ ಬೇರಾವ ದ್ರವವೂ ಅದರ ಹತ್ತಿರಕ್ಕೆ ಬರುವುದಿಲ್ಲ. ಹೈಪೋಕ್ಲೋರೈಟ್ ಇಲ್ಲದೆ ರೂಟ್ ಕೆನಾಲ್ ಮಾಡುವ ಯೋಚನೆ ನನಗೆ ಹಿಡಿಸುವುದಿಲ್ಲವೆಂದು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅದರ ಮೇಲೆ ಹೊರಿಸಲಿರುವ ಆರೋಪಗಳನ್ನು ಓದಿ ಯಾರೂ ಅದನ್ನು ಬಿಡಬೇಕೆಂದು ತಿಳಿಯಬಾರದು.

ಆರೋಪಗಳು ಎರಡು. ಹೈಪೋಕ್ಲೋರೈಟಿಗೆ ಸತ್ತ ತಿರುಳು ಯಾವುದು, ಡೆಂಟಿನ್ನಿನ ಕೊಲ್ಲಾಜೆನ್ ಯಾವುದು ಎಂಬ ಭೇದ ತಿಳಿಯದು, ಎರಡೂ ಪ್ರೋಟೀನೇ. ಖನಿಜದ ಹೊದಿಕೆ ಇರುವವರೆಗೆ ಕೊಲ್ಲಾಜೆನ್ ಸ್ವಲ್ಪಮಟ್ಟಿಗೆ ಸುರಕ್ಷಿತ. ಖನಿಜ ಹೋಗಿ ನಾರುಗಳು ಬಯಲಾದ ಮೇಲೆ ಹೈಪೋಕ್ಲೋರೈಟ್ ಬಂದರೆ, ರೆಸಿನ್ ಹೊಕ್ಕು ನೆಲೆಗೊಳ್ಳಬೇಕಾದ ಸರಳಿನ ಹೆಣಿಗೆಯೇ ಕರಗಿಹೋಗುತ್ತದೆ. ಎರಡನೆಯ ಆರೋಪ ಇನ್ನೂ ಸೂಕ್ಷ್ಮ. ಹೈಪೋಕ್ಲೋರೈಟ್ ಒಡೆದಾಗ ಉಪ್ಪೂ ಆಕ್ಸಿಜನ್ನೂ ಉಳಿಯುತ್ತವೆ. ಆ ಆಕ್ಸಿಜನ್ ಮತ್ತು ಇತರ ಉತ್ಕರ್ಷಕ ಶೇಷಗಳು ಡೆಂಟಿನ್ನಿನ ಕೊಳವೆಗಳಲ್ಲಿ ಅಡಗಿ ಕೂರುತ್ತವೆ. ರೆಸಿನ್ ಗಟ್ಟಿಯಾಗುವುದು ಸರಪಳಿ ಕ್ರಿಯೆಯಿಂದ, ಒಂದು ಅಣು ಮತ್ತೊಂದರ ಕೈಹಿಡಿಯುತ್ತ ಹೋಗುವುದರಿಂದ. ನಡುವೆ ಬಂದ ಆಕ್ಸಿಜನ್ ಆ ಕೈಯನ್ನು ತಾನು ಹಿಡಿದುಕೊಂಡು ಸರಪಳಿಯನ್ನು ಅಲ್ಲಿಯೇ ನಿಲ್ಲಿಸಿಬಿಡುತ್ತದೆ. ಹಾಗಾಗಿ ಮಧ್ಯದಲ್ಲೆಲ್ಲ ಕಲ್ಲಿನಂತಾದ ಸಿಮೆಂಟು, ಗೋಡೆಗೆ ತಾಗುವ ಕೆಲವೇ ಮೈಕ್ರೋಮೀಟರ್ ದಪ್ಪದ ಪದರದಲ್ಲಿ, ನಮಗೆ ಅದು ಗಟ್ಟಿಯಾಗಲೇಬೇಕಾದ ಕಡೆಯಲ್ಲಿ, ಅರೆಬೆಂದು ಉಳಿಯುತ್ತದೆ.

ಇದಕ್ಕೆ ಮದ್ದು ಸಿಕ್ಕಿರುವುದು ಸ್ವಾರಸ್ಯಕರ ದಿಕ್ಕಿನಿಂದ. ಹೈಪೋಕ್ಲೋರೈಟಿನ ನಂತರ ಶೇಕಡ 10ರ ಸೋಡಿಯಂ ಆಸ್ಕಾರ್ಬೇಟ್ ದ್ರಾವಣವನ್ನು ನಾಳದಲ್ಲಿ ಕೆಲವು ನಿಮಿಷ ಇಟ್ಟರೆ, ಕುಸಿದ ಅಂಟಿನ ಬಲ ಬಹುಮಟ್ಟಿಗೆ ಮರಳುತ್ತದೆಂದು ಪ್ರಯೋಗಗಳು ತೋರಿಸಿವೆ. ಆಸ್ಕಾರ್ಬೇಟ್ ಎಂದರೆ ವಿಟಮಿನ್ ಸಿಯ ಲವಣ. ನೆಲ್ಲಿಕಾಯಿಯಲ್ಲಿರುವ ಅದೇ ವಿಟಮಿನ್. ಅದು ಉತ್ಕರ್ಷಣವನ್ನು ತಣಿಸುತ್ತದೆ, ರೆಸಿನ್ನಿನ ಸರಪಳಿಗೆ ದಾರಿ ಬಿಡುತ್ತದೆ. ಶುದ್ಧ ಆಸ್ಕಾರ್ಬಿಕ್ ಆಮ್ಲ ಹುಳಿಯಾದ್ದರಿಂದ ಅದು ತಾನೇ ಡೆಂಟಿನ್ನನ್ನು ಕೆರೆಯುತ್ತದೆ. ಅದಕ್ಕೇ ತಟಸ್ಥವಾದ ಲವಣದ ಆಯ್ಕೆ. ಈ ದ್ರಾವಣ ಬೇಗ ಕೆಡುವುದರಿಂದ ಹೊಸದಾಗಿ ಬೆರೆಸಿಕೊಳ್ಳಬೇಕು; ದಿನಕ್ಕೆ ಹತ್ತು ರೋಗಿಗಳನ್ನು ನೋಡುವ ಚಿಕಿತ್ಸಾಲಯಗಳಲ್ಲಿ ಇದು ಇನ್ನೂ ರೂಢಿಗೆ ಬಾರದಿರಲು ಅದೂ ಒಂದು ಕಾರಣವೆಂದು ನನಗನಿಸುತ್ತದೆ.

ಹೈಪೋಕ್ಲೋರೈಟಿಗೆ ಸಾಧ್ಯವಾಗದ ಕೆಲಸವೂ ಒಂದಿದೆ. ಲೋಹದ ಉಪಕರಣ ನಾಳದ ಗೋಡೆಯನ್ನು ತುರಿಯುವಾಗ ಡೆಂಟಿನ್ನಿನ ಪುಡಿ, ತಿರುಳಿನ ಚೂರು, ಸೂಕ್ಷ್ಮಜೀವಿ ಎಲ್ಲ ಸೇರಿ ಗೋಡೆಯ ಮೇಲೆ ಸಗಣಿ ಸಾರಿಸಿದಂತೆ ಒಂದು ಲೇಪ ಕೂರುತ್ತದೆ. ಇದನ್ನು ಸ್ಮಿಯರ್ ಪದರ ಎನ್ನುತ್ತೇವೆ. ಬೇರುನಾಳದಲ್ಲಿ ಇದಿರುವುದು ವರದಿಯಾದದ್ದು 1975ರಲ್ಲಿ. ಸಾಮಾನ್ಯವಾಗಿ ಒಂದೆರಡು ಮೈಕ್ರೋಮೀಟರ್ ದಪ್ಪವಿರುವ ಈ ಪದರ ಕೊಳವೆಗಳ ಬಾಯಿಗೆ ಬಿರಡೆ ಹಾಕಿದಂತೆ ಒಳಕ್ಕೂ ಇಳಿದಿರುತ್ತದೆ. ಅದರ ಬಹುಪಾಲು ಖನಿಜವಾದ್ದರಿಂದ ಬ್ಲೀಚಿಗೆ ಅದು ಜಗ್ಗುವುದಿಲ್ಲ. ಅದಕ್ಕೆ ಇಡಿಟಿಎ ಎಂಬ ರಾಸಾಯನಿಕ ಬೇಕು. ಹಿತ್ತಾಳೆಯ ಚೊಂಬಿನ ಕಿಲುಬನ್ನು ಹುಣಸೆಹುಳಿ ಬಿಡಿಸುವಂತೆ, ಇಡಿಟಿಎ ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದು ಎತ್ತಿಕೊಂಡು ಹೋಗುತ್ತದೆ. ಹೋಲಿಕೆ ಪೂರ್ತಿ ಸರಿಯಲ್ಲ, ಹುಣಸೆಹುಳಿ ಆಮ್ಲ, ಇಡಿಟಿಎಯ ದ್ರಾವಣ ಹೆಚ್ಚುಕಡಿಮೆ ತಟಸ್ಥ, ಆದರೆ ಲೋಹದ ಅಯಾನನ್ನು ತಬ್ಬಿ ಒಯ್ಯುವ ಗುಣ ಎರಡಕ್ಕೂ ಇದೆ. ಇದನ್ನು 1957ರಲ್ಲಿ ನಾರ್ವೆಯ ನ್ಯೂಗೋರ್-ಓಸ್ಟ್‌ಬಿ ಬೇರುನಾಳಕ್ಕೆ ತಂದರು. ಈಗ ಬಳಕೆಯಲ್ಲಿರುವುದು ಶೇಕಡ 17ರ ದ್ರಾವಣ.

ಇಲ್ಲಿ ಹೊತ್ತೇ ಎಲ್ಲ. ಒಂದು ನಿಮಿಷದಲ್ಲಿ ಇಡಿಟಿಎ ಸ್ಮಿಯರ್ ಪದರವನ್ನು ತೆಗೆದು ಕೊಳವೆಗಳ ಬಾಯಿ ತೆರೆಯುತ್ತದೆ. ಹತ್ತು ನಿಮಿಷ ಬಿಟ್ಟರೆ ಅದು ಅಲ್ಲಿಗೆ ನಿಲ್ಲದೆ ಕೊಳವೆಗಳ ಸುತ್ತಲಿನ ಗೋಡೆಯನ್ನೂ ಕೊರೆದು, ಬಾಯಿಗಳನ್ನು ಅಗಲಗೊಳಿಸಿ, ಒಂದಕ್ಕೊಂದು ಕೂಡಿಕೊಳ್ಳುವಂತೆ ಮಾಡುತ್ತದೆ. ಅದರ ಹಿಂದೆಯೇ ಮತ್ತೆ ಹೈಪೋಕ್ಲೋರೈಟ್ ಸುರಿದರೆ, ಖನಿಜ ಕಳೆದುಕೊಂಡು ಬಯಲಾದ ಕೊಲ್ಲಾಜೆನ್ ಕರಗಿ ಈ ಸವೆತ ಇನ್ನೂ ಹೆಚ್ಚುತ್ತದೆ. "ಕೊನೆಗೊಮ್ಮೆ ಬ್ಲೀಚ್ ಹಾಕಿ ಮುಗಿಸೋಣ" ಎಂಬ ಅಭ್ಯಾಸ ಸೂಕ್ಷ್ಮಜೀವಿಗಳ ದೃಷ್ಟಿಯಿಂದ ಸರಿಯೆನಿಸಿದರೂ ಅಂಟಿನ ದೃಷ್ಟಿಯಿಂದ ಕೆಟ್ಟ ಮುಕ್ತಾಯ. ಅವೇ ಎರಡು ದ್ರವಗಳು, ಬಳಸಿದ ಕ್ರಮ ಬೇರೆಯಾದರೆ ಗೋಡೆಯೇ ಬೇರೆ.

ಮೂರನೆಯ ದ್ರವ ಶೇಕಡ 2ರ ಕ್ಲೋರ್‌ಹೆಕ್ಸಿಡಿನ್. ಇದು ಅಂಗಾಂಶವನ್ನು ಕರಗಿಸದು, ಆದರೆ ಡೆಂಟಿನ್ನಿಗೆ ಅಂಟಿಕೊಂಡು ಬಹಳ ಹೊತ್ತು ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ಆಕ್ಸಿಜನ್ನನ್ನು ಹೊರಸೂಸುವುದೂ ಇಲ್ಲ. ಇದರ ನಿಜವಾದ ಉಪಕಾರ ಅಂಟಿಸಿದ ದಿನ ಕಾಣುವುದಿಲ್ಲ. ಡೆಂಟಿನ್ನಿನೊಳಗೆ ಮ್ಯಾಟ್ರಿಕ್ಸ್ ಮೆಟಲೊಪ್ರೊಟೀನೇಸ್ ಎಂಬ ಕಿಣ್ವಗಳು ಮೊದಲಿನಿಂದಲೂ ನಿದ್ರಿಸುತ್ತಿರುತ್ತವೆ. ಆಮ್ಲ ತಾಗಿದೊಡನೆ ಅವು ಎಚ್ಚರಗೊಂಡು, ರೆಸಿನ್ ಪೂರ್ತಿ ಹೊದಿಸದೆ ಬಿಟ್ಟ ಕೊಲ್ಲಾಜೆನ್ ನಾರುಗಳನ್ನು ತಿಂಗಳಾನುಗಟ್ಟಲೆ ಗೆದ್ದಲಿನಂತೆ ಮೆಲ್ಲುತ್ತ ಹೋಗುತ್ತವೆ. ಕ್ಲೋರ್‌ಹೆಕ್ಸಿಡಿನ್ ಆ ಕಿಣ್ವಗಳ ಬಾಯಿ ಕಟ್ಟುತ್ತದೆ. ಮೊದಲ ದಿನದ ಬಲ ಅದರಿಂದ ಬಹುಮಟ್ಟಿಗೆ ಹೆಚ್ಚುವುದಿಲ್ಲ; ಇದ್ದ ಬಲ ಬೇಗ ಸವೆಯದಂತೆ ನೋಡಿಕೊಳ್ಳುವುದೇ ಅದರ ಕೆಲಸ. ಆದರೆ ಹೈಪೋಕ್ಲೋರೈಟ್ ಉಳಿದಿರುವಾಗಲೇ ಇದನ್ನು ಸುರಿದರೆ ಕಿತ್ತಳೆ ಮಿಶ್ರಿತ ಕಂದು ಗಷ್ಟು ಕೂತು ಕೊಳವೆಗಳನ್ನು ಮುಚ್ಚುತ್ತದೆ, ಇಡಿಟಿಎಯೊಂದಿಗೆ ಬೆರೆತರೆ ಬಿಳಿಯ ಗಷ್ಟು. ಆದ್ದರಿಂದ ಒಂದೊಂದು ದ್ರವದ ನಡುವೆ ಶುದ್ಧ ನೀರಿನಿಂದ ತೊಳೆಯುವುದು ಕಡ್ಡಾಯ. ತೀರ ಸಣ್ಣ ಸಂಗತಿಯೆನಿಸುತ್ತದೆ. ಅವಸರದಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ.

ಇಷ್ಟೆಲ್ಲ ಶಿಸ್ತಿನಿಂದ ಮಾಡಿದ ಮೊದಲ ತೊಳೆತದ ಫಲ ಪೋಸ್ಟಿನ ದಿನ ಬಹುಪಾಲು ಅಳಿಸಿಹೋಗುತ್ತದೆ ಎಂಬುದು ಈ ಲೇಖನದ ನಡುಗಂಬ. ನಾಳವನ್ನು ತೊಳೆದ ಮೇಲೆ ಅದನ್ನು ಗಟ್ಟಾ ಪರ್ಚಾ ಮತ್ತು ಸೀಲರ್ ಎಂಬ ಅಂಟುಲೇಪದಿಂದ ತುಂಬುತ್ತೇವೆ. ಪೋಸ್ಟಿಗೆ ಜಾಗ ಬೇಕಾದಾಗ, ಬೇರಿನ ತುದಿಯಲ್ಲಿ ನಾಲ್ಕೈದು ಮಿಲಿಮೀಟರ್ ತುಂಬುವಸ್ತುವನ್ನು ಮುದ್ರೆಯಂತೆ ಉಳಿಸಿ, ಮೇಲಿನದನ್ನು ತಿರುಗುವ ರೀಮರಿನಿಂದ ತೆಗೆದು, ಪೋಸ್ಟಿನ ಅಳತೆಗೆ ಗೋಡೆಯನ್ನೂ ಕೊರೆಯುತ್ತೇವೆ. ತಿರುಗುವ ಉಪಕರಣದ ಘರ್ಷಣೆಯ ಬಿಸಿಗೆ ಗಟ್ಟಾ ಪರ್ಚಾ ಮೆತ್ತಗಾಗಿ, ಸೀಲರಿನೊಂದಿಗೆ, ಹೊಸ ಡೆಂಟಿನ್ ಪುಡಿಯೊಂದಿಗೆ ಗೋಡೆಗೆ ಮೆತ್ತಿಕೊಳ್ಳುತ್ತದೆ. ಇದು ಎರಡನೆಯ ಸ್ಮಿಯರ್ ಪದರ. ಮೊದಲನೆಯದಕ್ಕಿಂತ ದಪ್ಪ, ಜಿಗುಟು, ಮತ್ತು ಅದರಲ್ಲಿರುವ ಗಟ್ಟಾ ಪರ್ಚಾವನ್ನು ಬ್ಲೀಚೂ ಕರಗಿಸದು, ಇಡಿಟಿಎಯೂ ಕರಗಿಸದು. ಮೇಷ್ಟ್ರ ಪೋಸ್ಟಿನ ಮೇಲಿದ್ದ ಗುಲಾಬಿ ಲೇಪ ಇದೇ. ಸೀಲರಿನಲ್ಲಿ ಯೂಜಿನಾಲ್, ಅಂದರೆ ಲವಂಗದೆಣ್ಣೆಯ ಸಾರ, ಇದ್ದರೆ ತೊಂದರೆ ಇಮ್ಮಡಿ: ಹಲ್ಲುನೋವಿಗೆ ಅಜ್ಜಿ ಲವಂಗ ಕಚ್ಚಿಸುತ್ತಿದ್ದಾಗ ಉಪಕಾರ ಮಾಡುತ್ತಿದ್ದ ಅದೇ ವಸ್ತು ಇಲ್ಲಿ ರೆಸಿನ್ನಿನ ಸರಪಳಿ ಕ್ರಿಯೆಯನ್ನು ಆಕ್ಸಿಜನ್ನಿನಂತೆಯೇ ನಡುವೆ ತುಂಡರಿಸುತ್ತದೆ. ಹಲವು ಭೇಟಿಗಳ ಚಿಕಿತ್ಸೆಯಲ್ಲಿ ನಾಳದೊಳಗೆ ಇಟ್ಟಿದ್ದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮದ್ದಿನ ಉಳಿಕೆಯೂ ಗೋಡೆಗೂ ಸಿಮೆಂಟಿಗೂ ನಡುವೆ ಸುಣ್ಣದ ಪುಡಿಯಂತೆ ನಿಲ್ಲುತ್ತದೆ.

ಇಂಥ ಜಿಗುಟು ಲೇಪವನ್ನು ಬರೀ ರಾಸಾಯನಿಕದಿಂದ ಬಿಡಿಸಲಾಗದು, ಮೈಮುಟ್ಟಿ ಅಲುಗಿಸಬೇಕು. ಸೂಜಿಯ ತುದಿಯಿಂದ ಹೊರಬಂದ ದ್ರವ ಅದರಿಂದ ಮುಂದಕ್ಕೆ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಹೋಗುವುದಿಲ್ಲ. ಕೆಳಗೆ ಗಾಳಿಯ ಗುಳ್ಳೆ ಸಿಕ್ಕಿಕೊಂಡಿದ್ದರೆ ಅಷ್ಟೂ ಇಲ್ಲ. ಸೆಕೆಂಡಿಗೆ 25ರಿಂದ 30 ಸಾವಿರ ಬಾರಿ ಕಂಪಿಸುವ ಅಲ್ಟ್ರಾಸಾನಿಕ್ ತುದಿಯನ್ನು ದ್ರವದೊಳಗೆ ಹಿಡಿದರೆ, ಅದರ ಸುತ್ತ ಸುಳಿಗಳೆದ್ದು ದ್ರವ ಗೋಡೆಯನ್ನು ಉಜ್ಜುತ್ತದೆ. ಮೋಲ್ಡ್ ಹಾಕುವಾಗ ಕಾಂಕ್ರೀಟಿಗೆ ವೈಬ್ರೇಟರ್ ಹಿಡಿಯುವುದನ್ನು ನೆನೆಯಿರಿ. ಎರ್ಬಿಯಂ ಲೇಸರಿನ 2940 ನ್ಯಾನೋಮೀಟರ್ ಕಿರಣವನ್ನು ನೀರು ಚೆನ್ನಾಗಿ ಹೀರಿಕೊಳ್ಳುವುದರಿಂದ ಅದರಿಂದಲೂ ಇಂಥ ಕಲಕುವಿಕೆ ಸಾಧ್ಯ. ಲೇಸರ್ ಎಂಬ ಮಾತಿಗೆ ನಗರದಲ್ಲಿ ಇರುವ ಮೋಹವನ್ನು ಬಲ್ಲವನಾಗಿ ಹೇಳುತ್ತೇನೆ: ಅದಕ್ಕೆ ತೆರುವ ಬೆಲೆಯಲ್ಲಿ ವೈದ್ಯರ ಕಣ್ಣಿಗೆ ಒಳ್ಳೆಯ ಭೂತಗನ್ನಡಿಯನ್ನೂ ಒಂದು ಅಲ್ಟ್ರಾಸಾನಿಕ್ ಯಂತ್ರವನ್ನೂ ಕೊಂಡು, ಉಳಿದ ಗುಲಾಬಿ ಕಲೆಯನ್ನು ಕಂಡು ಕೆರೆದರೆ ಹೆಚ್ಚಿನ ಪ್ರಯೋಜನ.

ಯಾವ ತೊಳೆತ ಒಳ್ಳೆಯದು ಎಂಬ ಪ್ರಶ್ನೆಗೆ ಯಾವ ಸಿಮೆಂಟು ಎಂದು ಕೇಳದೆ ಉತ್ತರಿಸಲಾಗದು. ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದು ಅಂಟಿಸುವ ಹಳೆಯ ಕ್ರಮದಲ್ಲಿ ಆ ಆಮ್ಲವೇ ತೆಳುವಾದ ಸ್ಮಿಯರ್ ಪದರವನ್ನು ತೆಗೆದುಬಿಡುತ್ತದೆ. ಅಲ್ಲಿನ ತೊಡಕು ಒಣಗಿಸುವುದರಲ್ಲಿದೆ. ಕೆರೆಯ ನೀರಿನಲ್ಲಿ ಎದ್ದು ನಿಂತ ಪಾಚಿಯ ಎಳೆಗಳು ನೀರು ಬತ್ತಿದೊಡನೆ ನೆಲಕ್ಕೆ ಅಂಟಿಕೊಳ್ಳುವಂತೆ, ಬಯಲಾದ ಕೊಲ್ಲಾಜೆನ್ ನಾರುಗಳು ಹೆಚ್ಚು ಒಣಗಿದರೆ ಕುಸಿದು ಚಾಪೆಯಾಗುತ್ತವೆ, ರೆಸಿನ್ನಿಗೆ ಒಳಹೊಗಲು ಸಂದು ಉಳಿಯುವುದಿಲ್ಲ. ನೀರು ನಿಂತಿದ್ದರೂ ಕೆಡುಕೇ. ಈಗ ಹೆಚ್ಚು ಬಳಕೆಯಲ್ಲಿರುವ, ತಾನೇ ಅಂಟಿಕೊಳ್ಳುವ ಸಿಮೆಂಟುಗಳಿಗೆ ಬೇರೆ ಆಮ್ಲ ಬೇಡ. ಅವುಗಳಲ್ಲಿರುವ ಆಮ್ಲಗುಣದ ಅಣುಗಳು ಹಲ್ಲಿನ ಕ್ಯಾಲ್ಸಿಯಂನೊಂದಿಗೆ ನೇರವಾಗಿ ಬಂಧ ಬೆಳೆಸುತ್ತವೆ. ಆದರೆ ಆ ಅಣುಗಳ ಆಮ್ಲಶಕ್ತಿ ಸೌಮ್ಯವಾದ್ದರಿಂದ ದಪ್ಪ ಸ್ಮಿಯರ್ ಪದರವನ್ನು ಕೊರೆದು ಹೋಗಲಾರವು. ಹಾಗೆಂದು ಇಡಿಟಿಎಯನ್ನು ಬಹಳ ಹೊತ್ತು ಬಿಟ್ಟು ಕ್ಯಾಲ್ಸಿಯಂ ಎಲ್ಲವನ್ನೂ ಕಸಿದರೆ, ಕೈಹಿಡಿಯಬೇಕಾದ ಕ್ಯಾಲ್ಸಿಯಮ್ಮೇ ಅಲ್ಲಿರುವುದಿಲ್ಲ. ಕೊಳೆ ಹೋಗಬೇಕು, ಖನಿಜ ಉಳಿಯಬೇಕು. ಒಂದು ಸಿಮೆಂಟಿಗೆ ಒಪ್ಪಿದ ತೊಳೆತ ಮತ್ತೊಂದಕ್ಕೆ ಒಗ್ಗದಿರುವುದು ಹೀಗೆ.

ಈ ಸಂಗತಿಗಳನ್ನು ಅಳೆಯುವ ರೀತಿಯನ್ನೂ ಹೇಳಬೇಕು, ಏಕೆಂದರೆ ಪ್ರಯೋಗಾಲಯದ ಅಂಕಿಗೂ ದೋಸೆ ತಿನ್ನುವ ಬಾಯಿಗೂ ಅಂತರವಿದೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ದಂತ ವೈದ್ಯಕೀಯ ಕಾಲೇಜೂ ಸೇರಿದಂತೆ ಬೆಂಗಳೂರಿನ ಕಾಲೇಜುಗಳಲ್ಲಿ ಎಂಡಿಎಸ್ ಎಂಬ ದಂತವೈದ್ಯದ ಸ್ನಾತಕೋತ್ತರ ಪದವಿ ಓದುವವರು ತಮ್ಮ ಮೂರು ವರ್ಷಗಳಲ್ಲಿ ಒಂದು ಸಂಶೋಧನಾ ಪ್ರಬಂಧವನ್ನು ಬರೆಯಲೇಬೇಕು. ಬೇರುನಾಳದ ವಿಭಾಗದವರಿಗೆ ಇಂಥ ವಿಷಯ ಅಚ್ಚುಮೆಚ್ಚು. ಹಲ್ಲು ಸಾಲು ಸರಿಪಡಿಸುವಾಗ ಕಿತ್ತ ಒಂದೇ ಬೇರಿನ ಹಲ್ಲುಗಳನ್ನು ಕೂಡಿಟ್ಟು, ಗುಂಪು ಮಾಡಿ, ಒಂದೊಂದು ಗುಂಪನ್ನು ಒಂದೊಂದು ದ್ರವದಿಂದ ತೊಳೆದು ಪೋಸ್ಟ್ ಅಂಟಿಸುತ್ತಾರೆ. ಬಳಿಕ ಬೇರನ್ನು ಬಾಳೆದಿಂಡು ಕೊಚ್ಚಿದಂತೆ ಒಂದು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ, ನಡುವಿನ ಪೋಸ್ಟಿನ ತುಂಡನ್ನು ಯಂತ್ರದಿಂದ ಕೆಳಗಿನಿಂದ ಒತ್ತಿ ಹೊರದಬ್ಬುತ್ತಾರೆ. ಬಿಟ್ಟುಕೊಟ್ಟ ಕ್ಷಣದ ಬಲವನ್ನು ಅಂಟಿದ ವಿಸ್ತೀರ್ಣದಿಂದ ಭಾಗಿಸಿದರೆ ಮೆಗಾಪ್ಯಾಸ್ಕಲ್ ಲೆಕ್ಕದ ಅಂಕಿ ಸಿಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದು ಎಲ್ಲಿ ಬಿಟ್ಟಿತೆಂದೂ ನೋಡುತ್ತಾರೆ. ನನ್ನ ಮಟ್ಟಿಗೆ ಅಂಕಿಗಿಂತ ಈ ನೋಟವೇ ಹೆಚ್ಚು ಹೇಳುತ್ತದೆ. ಸಾಮಾನ್ಯವಾಗಿ ಬಿಡುವುದು ಸಿಮೆಂಟಿಗೂ ಡೆಂಟಿನ್ನಿಗೂ ನಡುವೆ.

ಈ ಪ್ರಬಂಧಗಳ ಫಲಿತಾಂಶಗಳು ಒಂದಕ್ಕೊಂದು ಹೊಂದದಿರುವುದನ್ನು ಕಂಡು ವಿದ್ಯಾರ್ಥಿಗಳು ಕಂಗೆಡುತ್ತಾರೆ. ಒಂದರಲ್ಲಿ ಹೈಪೋಕ್ಲೋರೈಟ್ ಬಲ ಕುಗ್ಗಿಸಿದರೆ, ಮತ್ತೊಂದರಲ್ಲಿ ಅದರಿಂದ ಏನೂ ಆಗಿರುವುದಿಲ್ಲ. ಸಿಮೆಂಟು ಬೇರೆ, ದ್ರವದ ಸಾಂದ್ರತೆ ಬೇರೆ, ಇಟ್ಟ ಹೊತ್ತು ಬೇರೆ, ಕೊನೆಗೆ ನೀರಿನಿಂದ ತೊಳೆದರೋ ಇಲ್ಲವೋ ಎಂಬುದೂ ಬೇರೆ. ಹದಿನಾರರ ಹುಡುಗಿಯಿಂದ ಕಿತ್ತ ಹಲ್ಲಿಗೂ ಎಪ್ಪತ್ತರ ಮೇಷ್ಟ್ರ ಬಾಯಿಯ ಹಲ್ಲಿಗೂ ಡೆಂಟಿನ್ನೇ ಬೇರೆ. ಬಾಯಿಯ ಬಿಸಿ ತಂಪನ್ನು ಅನುಕರಿಸಲು ಬಿಲ್ಲೆಗಳನ್ನು 5 ಮತ್ತು 55 ಡಿಗ್ರಿಯ ನೀರಿನಲ್ಲಿ ಸಾವಿರಾರು ಬಾರಿ ಅದ್ದಿ ತೆಗೆಯುವುದುಂಟು. ಆದರೂ ವರ್ಷಗಟ್ಟಲೆ ಅಗಿಯುವ ದವಡೆಯನ್ನು ಯಾವ ಯಂತ್ರವೂ ಪೂರ್ತಿ ಅನುಕರಿಸದು.

ಅಂಟಿನ ಬಗ್ಗೆ ಇಷ್ಟು ಹೇಳಿದ ಮೇಲೂ ಒಂದನ್ನು ಮರೆಯುವಂತಿಲ್ಲ. ಒಸಡಿನ ಮೇಲೆ ಸುತ್ತಲೂ ಒಂದೂವರೆಯಿಂದ ಎರಡು ಮಿಲಿಮೀಟರ್ ಎತ್ತರದ ಸ್ವಂತ ಹಲ್ಲು ಉಳಿದಿದ್ದು, ಉಳಿಯ ಮರದ ಹಿಡಿಗೆ ಹಾಕುವ ಲೋಹದ ಬಳೆಯಂತೆ ಕ್ಯಾಪ್ ಅದನ್ನು ಅಪ್ಪಿ ಹಿಡಿದಿದ್ದರೆ, ಅಗಿಯುವ ಬಲ ಪೋಸ್ಟಿನ ಅಂಟಿನ ಮೇಲೆ ನೇರವಾಗಿ ಬೀಳುವುದು ಬಹಳ ಕಡಿಮೆ. ಆ ಬಳೆ ಇಲ್ಲದ ಹಲ್ಲಿನಲ್ಲಿ ಎಂಥ ತೊಳೆತವೂ ಸಾಲದು.

ಮೇಷ್ಟ್ರ ಹಲ್ಲಿಗೆ ಹೊರಬದಿಯಲ್ಲಿ ಎರಡು, ಒಳಬದಿಯಲ್ಲಿ ಒಂದೂವರೆ ಮಿಲಿಮೀಟರ್ ಉಳಿದಿತ್ತು. ಎಕ್ಸ್‌ರೇಯಲ್ಲಿ ಬೇರು ಸೀಳಿರಲಿಲ್ಲ, ತುದಿಯಲ್ಲಿ ಸೋಂಕಿನ ನೆರಳಿರಲಿಲ್ಲ. ಆದರೆ ಅವರು ಕ್ಯಾಪ್ ಬಿದ್ದು ಎರಡು ದಿನವಾದ ಮೇಲೆ ಬಂದಿದ್ದರಿಂದ ನಾಳಕ್ಕೆ ಎಂಜಲು ಸೇರಿತ್ತು; ಅಂಟಿಗೆ ಆಗದ ಹೈಪೋಕ್ಲೋರೈಟನ್ನು ಬಿಡುವಂತೆಯೂ ಇರಲಿಲ್ಲ. ರಬ್ಬರ್ ಹಾಳೆಯಿಂದ ಹಲ್ಲನ್ನು ಬೇರ್ಪಡಿಸಿ, ಹಿಗ್ಗಿಸಿ ತೋರುವ ಕನ್ನಡಕದ ಕೆಳಗೆ ಗೋಡೆಯ ಗುಲಾಬಿ ಕಲೆಗಳನ್ನು ಅಲ್ಟ್ರಾಸಾನಿಕ್ ತುದಿಯಿಂದ ಕೆರೆದು ತೆಗೆದೆ. ಹೈಪೋಕ್ಲೋರೈಟನ್ನು ಮೊದಲಿಗೇ ಮುಗಿಸಿ, ನೀರಿನಿಂದ ತೊಳೆದು, ಇಡಿಟಿಎಯನ್ನು ಗಡಿಯಾರ ನೋಡಿಕೊಂಡು ಒಂದು ನಿಮಿಷ ಕಲಕಿ, ಮತ್ತೆ ನೀರು, ಕೊನೆಗೆ ಕ್ಲೋರ್‌ಹೆಕ್ಸಿಡಿನ್. ಕಾಗದದ ಕಡ್ಡಿಗಳನ್ನು ಒಂದರ ನಂತರ ಒಂದು ಇಳಿಸಿದಾಗ ನಾಲ್ಕನೆಯದು ತುದಿಯಲ್ಲಿ ಮಾತ್ರ ತೇವವಾಗಿ ಬಂತು; ಅಲ್ಲಿಗೆ ನಿಲ್ಲಿಸಿದೆ. ತೆಳುವಾದ ಕೊಳವೆಯಿಂದ ಸಿಮೆಂಟನ್ನು ಕೆಳಗಿನಿಂದ ಮೇಲಕ್ಕೆ ತುಂಬಿ, ಹೊಸ ಪೋಸ್ಟ್ ಇಳಿಸಿ ಬೆಳಕು ಹಾಯಿಸಲು ಮೂರ್ನಾಲ್ಕು ನಿಮಿಷ ಸಾಕಾಯಿತು. ಅದಕ್ಕೆ ಮೊದಲಿನ ತೊಳೆತಕ್ಕೆ ಅರ್ಧ ಗಂಟೆ ಹಿಡಿದಿತ್ತು. ಮೇಷ್ಟ್ರು ಅಷ್ಟರಲ್ಲಿ ಬಾಯಿ ತೆರೆದುಕೊಂಡೇ ಒಂದು ಸಣ್ಣ ನಿದ್ದೆ ಮುಗಿಸಿದ್ದರು.